ಶಬ್ದಕ್ಕೊಂದು ದಿಕ್ಕು

ಶಬ್ದಕ್ಕೆ ಬಣ್ಣವುಂಟೆ? ಉಂಟು, ಅದು ಬಿಳಿ ಎನ್ನುತ್ತಾನೆ ಕೇಶಿರಾಜ. ಹದಿಮೂರನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದ ಮೊದಲಿಗೇ, ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯವು ಹುಟ್ಟುತ್ತದೆ, ಅದು ಶ್ವೇತವಾದುದು ಎಂದು ಅವನು ಹೇಳಿಬಿಡುತ್ತಾನೆ. ತರಗತಿಯಲ್ಲಿ ಈ ಸೂತ್ರವನ್ನು ವಿವರಿಸುವಾಗಲೆಲ್ಲ ಹಿಂದಿನ ಬೆಂಚಿನವರು ಮುಸಿಮುಸಿ ನಗುವುದು ವಾಡಿಕೆ. ಜೈನದರ್ಶನವು ಶಬ್ದವನ್ನು ಬರಿಯ ಗುಣವೆನ್ನದೆ ಪುದ್ಗಲವೆಂದು, ಎಂದರೆ ವಸ್ತುವೆಂದು, ಬಗೆದುದರಿಂದ ಅದಕ್ಕೆ ವರ್ಣವೂ ಬಂದಿತು ಎಂದು ಸಮಾಧಾನ ಹೇಳಿ ನಾನು ಮುಂದಿನ ಸೂತ್ರಕ್ಕೆ ಹೋಗುತ್ತಿದ್ದೆ. ಈಗ ಹಾಗೆ ನಗುವವರನ್ನು ಮುನಿರಾಬಾದಿನ ನಮ್ಮ ಮನೆಗೆ ಕರೆದು ಕಂಪ್ಯೂಟರಿನ ಬೆನ್ನನ್ನು ತೋರಿಸಬಹುದಾಗಿದೆ. ಅಲ್ಲಿ ಶಬ್ದಕ್ಕೆ ಒಂದಲ್ಲ, ಮೂರು ಬಣ್ಣ: ಹಸಿರು, ಕಪ್ಪು, ಕಿತ್ತಳೆ.

ಮೂರೂ ಒಂದೇ ಗಾತ್ರದ ಚಿಕ್ಕ ರಂಧ್ರಗಳು. ಒಂದೊಂದರಲ್ಲಿಯೂ ಎರಡೆರಡು ದನಿಗಳಿಗೆ ಹಾದಿ. ಹಸಿರಿನದು ಮುಂದಿನ ಎಡ ಬಲಗಳ ಸ್ಪೀಕರುಗಳಿಗೆ. ಕಪ್ಪಿನದು ಹಿಂದಿನ ಎಡ ಬಲಗಳಿಗೆ. ಕಿತ್ತಳೆಯದು ನಡುವಿನ ಸ್ಪೀಕರಿಗೂ ಮಂದ್ರವನ್ನು ಮೊಳಗಿಸುವ ಸಬ್‌ವೂಫರಿಗೂ. ಹೀಗೆ ಒಟ್ಟು ಆರು. ಕೊನೆಯದು ತೀರ ತಗ್ಗಿದ ದನಿಗಳಿಗೆ ಮಾತ್ರ ಮೀಸಲಾದುದರಿಂದ ಅದನ್ನು ಪೂರ್ಣವಾಗಿ ಎಣಿಸದೆ ಇಡೀ ಏರ್ಪಾಡನ್ನು 5.1 ಎಂದು ಬರೆಯುತ್ತಾರೆ. ದಶಾಂಶ ಚಿಹ್ನೆಯ ಈ ಉಪಯೋಗವನ್ನು ನಮ್ಮ ಗಣಿತದ ಅಧ್ಯಾಪಕರು ಇಂದಿಗೂ ಒಪ್ಪಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಸರೌಂಡ್ ಸೌಂಡ್ ಎಂದು ಹೆಸರು. ಅಂಗಡಿಯ ಭಾಷೆಯಲ್ಲಿ ‘ಹೋಮ್ ಥಿಯೇಟರ್’. ಕಂಪ್ಯೂಟರನ್ನು ಇಂಥದೊಂದು ಸೆಟ್ಟಿಗೆ ಜೋಡಿಸುವುದು ತಂತಿ ಸಿಕ್ಕಿಸುವಷ್ಟು ಸಣ್ಣ ಕೆಲಸವೆಂದು ಎಲ್ಲರೂ ತಿಳಿಯುತ್ತಾರೆ. ನಾನು ಕಂಡಂತೆ ಅದು ಕಿವಿಯ ವಿಷಯ, ತಂತಿ ಆಮೇಲಿನದು.

ಮಳೆಗಾಲದಲ್ಲಿ ತುಂಗಭದ್ರೆ ತುಂಬಿ, ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ ಹತ್ತಾರನ್ನು ತೆರೆದಾಗ, ನಮ್ಮೂರಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತವನೂ ನದಿ ಯಾವ ಕಡೆಗಿದೆ ಎಂದು ಕೈಯೆತ್ತಿ ತೋರಿಸಬಲ್ಲ. ಪಕ್ಕದ ಹುಲಿಗಿಯ ಜಾತ್ರೆಯಲ್ಲಿ ಚೌಡಿಕೆಯ ದನಿ ಎಡದಿಂದ, ಡೊಳ್ಳಿನದು ಬಲದಿಂದ, ಹರಕೆ ಹೊತ್ತವರ ಉಧೋ ಉಧೋ ಬೆನ್ನಿನಿಂದ ಬರುವಾಗ ಯಾವುದು ಯಾವ ಕಡೆಯದೆಂದು ನಾವು ಲೆಕ್ಕ ಹಾಕುತ್ತ ನಿಲ್ಲುವುದಿಲ್ಲ; ಲೆಕ್ಕವನ್ನು ಕಿವಿಗಳೇ ಮಾಡಿ ಮುಗಿಸಿರುತ್ತವೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ತಲಪಿ ಎಡಗಿವಿಗೆ ಆಮೇಲೆ ತಲಪುತ್ತದೆ. ಈ ಅಂತರ ಹೆಚ್ಚೆಂದರೂ ಒಂದು ಸೆಕೆಂಡಿನ ಸಾವಿರದ ಒಂದು ಪಾಲನ್ನು ಮುಟ್ಟುವುದಿಲ್ಲ. ಜೊತೆಗೆ ತಲೆಯ ಮರೆಯಿಂದಾಗಿ ದೂರದ ಕಿವಿಗೆ ದನಿ ತುಸು ಮಬ್ಬಾಗಿಯೂ ಇರುತ್ತದೆ. ಇಷ್ಟರ ಮೇಲೆ ನಮ್ಮ ದಿಕ್ಕಿನ ಅರಿವೆಲ್ಲ ನಿಂತಿದೆ.

ನಮ್ಮ ಅವ್ವನಿಗೆ ಎಡಗಿವಿ ಕೇಳಿಸದು. ನಾನು ಹುಡುಗನಾಗಿದ್ದಾಗಿನಿಂದಲೂ ಹೀಗೆಯೇ. ಹಿತ್ತಲಿನಿಂದ ಕೂಗಿದರೆ ಆಕೆ ತಲಬಾಗಿಲ ಕಡೆಗೆ ಹೋಗುವಳು. ಬಾಗಿಲಲ್ಲಿ ಕರೆದರೆ ಹಿತ್ತಲನ್ನು ನೋಡುವಳು. ಮಕ್ಕಳಾದ ನಮಗೆ ಅದೊಂದು ಆಟವಾಗಿದ್ದಿತು. ಆಮೇಲಾಮೇಲೆ ಆಕೆ ಒಂದು ಉಪಾಯವನ್ನು ಕಲಿತಳು. ಕರೆ ಕೇಳಿದೊಡನೆ ಹೆಜ್ಜೆ ಇಡದೆ, ಮೊದಲು ತಲೆಯನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿ, ದನಿ ಯಾವ ಮಗ್ಗುಲಿನಲ್ಲಿ ಹೆಚ್ಚು ನಿಚ್ಚಳವಾಗುವುದೆಂದು ನೋಡಿ, ಆ ಕಡೆಗೆ ನಡೆಯುವುದು. ಒಂದೇ ಕಿವಿಯುಳ್ಳವರಿಗೆ ನಿಸರ್ಗ ಬಿಟ್ಟಿರುವ ದಾರಿ ಇದೊಂದೇ. ಈ ಲೇಖನದಲ್ಲಿ ಅವ್ವನ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಐದು ಸ್ಪೀಕರುಗಳ ಈ ಯಂತ್ರದ ನಿಜವಾದ ಪರೀಕ್ಷೆ ನಮ್ಮ ಮನೆಯಲ್ಲಿ ನಡೆದುದು ಆಕೆಯ ಒಂದು ಕಿವಿಯಿಂದಲೇ.

ದನಿಯೊಡನೆ ಅದರ ನೆಲೆಯನ್ನೂ ಹಿಡಿದಿಡಬೇಕೆಂಬ ಆಸೆ ಹಳೆಯದು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೆರ್ ಎಂಬಾತನು ಗೀತನಾಟಕಶಾಲೆಯ ರಂಗದ ಮೇಲೆ ಟೆಲಿಫೋನುಗಳನ್ನಿಟ್ಟು, ಕೇಳುವವನ ಎರಡು ಕಿವಿಗಳಿಗೆ ಎರಡು ಬೇರೆ ತಂತಿಗಳಿಂದ ಹಾಡನ್ನು ಮುಟ್ಟಿಸಿದನು. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎರಡು ದನಿಗಳ ಧ್ವನಿಮುದ್ರಣಕ್ಕೆ ಪೇಟೆಂಟನ್ನು ಕೇಳಿದನು. ಪರದೆಯ ಮೇಲೆ ನಟನು ಒಂದು ಕೊನೆಯಲ್ಲಿದ್ದರೆ ಮಾತು ಇನ್ನೊಂದು ಕೊನೆಯಿಂದ ಬರುವುದು ಅವನಿಗೆ ಸಹಿಸಲಿಲ್ಲವೆಂದು ಕಥೆ. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಪ್ರೇಕ್ಷಕರ ಸುತ್ತಲೂ ಸ್ಪೀಕರುಗಳನ್ನು ನಿಲ್ಲಿಸಿದರು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ 1975ರಲ್ಲಿ 70 ಮಿಲಿಮೀಟರಿನ ಪರದೆಗೆ ಬಂದಾಗ ಅದರ ದನಿಯೂ ಹಲವು ಕಡೆಗಳಿಂದ ಬಂದಿತು. ಇಂದು ಮನೆಮನೆಯಲ್ಲಿರುವ 5.1ರ ಅಂಕೀಯ ರೂಪವನ್ನು ಡಾಲ್ಬಿ ಸಂಸ್ಥೆಯವರು 1992ರಲ್ಲಿ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಚಿತ್ರದೊಡನೆ ಹೊರತಂದರು. ಯಂತ್ರವಿಲ್ಲದೆ ಇದನ್ನು ಸಾಧಿಸಿದವರೂ ನಮ್ಮಲ್ಲಿದ್ದಾರೆ. ವಿಜಯಪುರದ ಗೋಳಗುಮ್ಮಟದ ಮೇಲ್ಜಗಲಿಯ ಒಂದು ಬದಿಯಲ್ಲಿ ಪಿಸುನುಡಿದುದು ಎದುರುಬದಿಯಲ್ಲಿ ಕಿವಿಯೊಳಗೇ ಹೇಳಿದಂತೆ ಕೇಳುವುದನ್ನು ಅನುಭವಿಸಿದವನು, ದನಿಗೆ ತನ್ನದೊಂದು ಸ್ಥಳವಿದೆಯೆಂಬುದನ್ನು ಮರೆಯಲಾರ.

ನಮ್ಮ ಮನೆಗೆ ಸೆಟ್ಟು ಬಂದುದು ಮಗಳ ಒತ್ತಾಯದಿಂದ. ಅಂಗಡಿಯವರು ಬಂದು ಐದು ಸ್ಪೀಕರುಗಳನ್ನು ಗೋಡೆಗೆ ತೂಗುಹಾಕಿ, ಕಂಪ್ಯೂಟರಿನ ಹಸಿರು ರಂಧ್ರದಿಂದ ಒಂದು ತಂತಿಯನ್ನು ಎಳೆದು, ಆಂಪ್ಲಿಫೈಯರಿನ ಒಂದು ಗುಂಡಿಯನ್ನೊತ್ತಿ, ಐದೂ ಸ್ಪೀಕರುಗಳು ಒಟ್ಟಿಗೆ ಹಾಡುವುದನ್ನು ತೋರಿಸಿ, ಹಣ ಪಡೆದು ಹೊರಟುಹೋದರು. ಸದ್ದೇನೋ ಭರ್ಜರಿಯಾಗಿದ್ದಿತು. ಆ ರಾತ್ರಿ ಹೊಸದೊಂದು ಕನ್ನಡ ಚಿತ್ರವನ್ನು ಹಾಕಿದೆವು. ಹಾಡು ಕೇಳಿಸಿತು, ಗುಡುಗು ಕೇಳಿಸಿತು, ಹೊಡೆದಾಟದಲ್ಲಿ ಕಪಾಟಿನ ಗಾಜು ನಡುಗಿತು. ಮಾತು ಮಾತ್ರ ಯಾರೋ ಬಾವಿಯೊಳಗಿಂದ ಆಡಿದಂತಿದ್ದಿತು. ‘ಬಾಯಿ ಆಡಸ್ತಾರ, ಮಾತ ಬರಂಗಿಲ್ಲಲ್ಲೊ ತಮ್ಮಾ’ ಎಂದಳು ಅವ್ವ. ಕನ್ನಡದ ತಿರುಳು ಕೋಪಣನಗರವನ್ನೊಳಗೊಂಡ ನಾಡಿನಲ್ಲಿದೆ ಎಂದು ‘ಕವಿರಾಜಮಾರ್ಗ’ ಹೇಳಿ ಹನ್ನೊಂದು ನೂರು ವರ್ಷಗಳಿಗೆ ಮಿಕ್ಕಿದುವು. ಆ ಕೊಪ್ಪಳದ ಮಗ್ಗುಲಿನಲ್ಲಿ ಕುಳಿತು, ಏಳು ಸಾವಿರಕ್ಕೆ ಮೇಲ್ಪಟ್ಟು ತೆತ್ತು, ಕನ್ನಡದ ಮಾತೊಂದು ಬಿಟ್ಟು ಉಳಿದೆಲ್ಲವನ್ನೂ ನಾವು ಕೇಳುತ್ತಿದ್ದೆವು.

ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದನು. ಹುಲಿಗಿಯ ಕಡೆಯವನು, ಮದುವೆ ಜಾತ್ರೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಹಳಗನ್ನಡದಲ್ಲಿ ಅವನಿಗೆ ಅಂಕಗಳು ಅಷ್ಟಕ್ಕಷ್ಟೆ. ಆದರೆ ಕಂಪ್ಯೂಟರಿನ ಬೆನ್ನನ್ನು ಒಂದು ಕ್ಷಣ ನೋಡಿ ಅವನು ಹೇಳಿದುದು ಒಳ್ಳೆಯ ವ್ಯಾಖ್ಯಾನಕಾರನ ಮಾತಿನಂತಿದ್ದಿತು: ‘ಸರ, ಕಂಪ್ಯೂಟರ್ ಆರು ಮಂದಿಗೆ ಬಡಸಾಕತ್ತೈತ್ರಿ. ಅಂಗಡ್ಯಾವ್ರು ಇಬ್ಬರಿಗಷ್ಟ ಎಲಿ ಹಾಕ್ಯಾರ. ಉಳದ ನಾಕು ಮಂದಿ ಊಟ ನೆಲದ ಮ್ಯಾಲ ಬಿದ್ದೈತ್ರಿ.’

ಅರ್ಥ ಹೀಗೆ. ಚಲನಚಿತ್ರದ ಆರು ದನಿಗಳಲ್ಲಿ ಪಾತ್ರಗಳ ಮಾತನ್ನು ಬಹುಮಟ್ಟಿಗೆ ನಡುವಿನ ದನಿಯಲ್ಲಿಯೇ ಇಟ್ಟಿರುತ್ತಾರೆ. ಸಭೆಯಲ್ಲಿ ಯಾರು ಎಲ್ಲಿ ಕುಳಿತಿದ್ದರೂ ಮಾತು ಪರದೆಯ ನಡುವಿನಿಂದ ಬಂದಂತೆ ತೋರಲೆಂದು. ತನಗೆ 5.1 ಸ್ಪೀಕರುಗಳಿವೆಯೆಂದು ಕಂಪ್ಯೂಟರಿಗೆ ಹೇಳಿದ್ದರೆ, ಅದು ಆ ಮಾತನ್ನು ಪ್ರಾಮಾಣಿಕವಾಗಿ ಕಿತ್ತಳೆಯ ರಂಧ್ರಕ್ಕೆ ಕಳಿಸುತ್ತದೆ. ಅಲ್ಲಿ ತಂತಿಯಿಲ್ಲ. ಹಸಿರಿನಿಂದ ಹೊರಟ ಎಡ ಬಲಗಳ ಹಾಡು ಗುಡುಗುಗಳನ್ನೇ ಆಂಪ್ಲಿಫೈಯರು ಐದು ಕಡೆಗೆ ಹಂಚಿ ಐದು ಸ್ಪೀಕರುಗಳ ಆಡಂಬರವನ್ನು ಮಾಡುತ್ತದೆ. ಇದಕ್ಕೆ ಮದ್ದು ಎರಡು. ಸ್ಪೀಕರುಗಳು ಎರಡೇ ಇದ್ದರೆ ಕಂಪ್ಯೂಟರಿನ ಧ್ವನಿವ್ಯವಸ್ಥೆಯಲ್ಲಿ ‘ಸ್ಟೀರಿಯೋ’ ಎಂದೇ ಆರಿಸಬೇಕು; ಆಗ ಅದು ನಡುವಿನ ಮಾತನ್ನು ಎಡಬಲಗಳಿಗೆ ಸಮನಾಗಿ ಬೆರೆಸಿ ಕೊಡುತ್ತದೆ. ಆರೂ ಇದ್ದರೆ ಮೂರು ತಂತಿಗಳನ್ನೂ ಎಳೆದು, ಆಂಪ್ಲಿಫೈಯರಿನ ಆರು ಬಾಯಿಗಳಿಗೆ ಸೇರಿಸಿ, ಕಂಪ್ಯೂಟರಿನ ಪರೀಕ್ಷೆಯ ಗುಂಡಿಯನ್ನೊತ್ತಿ, ಒಂದೊಂದು ಸ್ಪೀಕರೂ ತನ್ನ ಹೆಸರಿಗೆ ಓಗೊಡುವುದೇ ಎಂದು ನೋಡಬೇಕು. ಹುಡುಗನು ಎರಡನೆಯದನ್ನು ಮಾಡಿದನು. ನಡುವಿನ ಸ್ಪೀಕರು ಬಾಯಿಬಿಟ್ಟಿತು. ಅವ್ವ ತನ್ನ ಬಲಗಿವಿಯನ್ನು ಅದಕ್ಕೆ ಒಡ್ಡಿ ಕುಳಿತು ಇಡೀ ಚಿತ್ರವನ್ನು ನೋಡಿದಳು, ಮತ್ತು ಕಥೆ ಚೆನ್ನಾಗಿಲ್ಲವೆಂದಳು. ಅದೂ ನಿಜವೇ.

ಆದರೆ ಮೂರು ತಂತಿಗಳೊಡನೆ ಇನ್ನೊಂದು ಸದ್ದು ಮನೆಯನ್ನು ಹೊಕ್ಕಿತು. ಹಾಡು ನಿಂತಾಗಲೂ ನಿಲ್ಲದ, ಶ್ರುತಿ ತಪ್ಪಿದ ತಂಬೂರಿಯಂಥ ಒಂದು ‘ಉಂ’ಕಾರ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಕಂಪ್ಯೂಟರಿಗೆ ಒಂದು ಗೋಡೆಯಿಂದ, ಆಂಪ್ಲಿಫೈಯರಿಗೆ ಇನ್ನೊಂದು ಗೋಡೆಯಿಂದ ವಿದ್ಯುತ್ತನ್ನು ಕೊಟ್ಟು ನಡುವೆ ದನಿಯ ತಂತಿಯನ್ನು ಕಟ್ಟಿದರೆ, ಎರಡು ಕಡೆಯ ಭೂಸಂಪರ್ಕಗಳ ಸಣ್ಣ ವ್ಯತ್ಯಾಸವು ಆ ತಂತಿಯ ಮೂಲಕ ಹರಿದು, ಮೊರೆತವಾಗಿ ಕೇಳಿಸುತ್ತದೆ. ಅಣೆಕಟ್ಟಿನ ಬುಡದಲ್ಲಿರುವ ಮುನಿರಾಬಾದಿನ ವಿದ್ಯುದಾಗಾರದ ಪಕ್ಕದಲ್ಲಿಯೇ ಬಾಳುವ ನಾವು ಅದರ ಶ್ರುತಿಯನ್ನು ಸ್ಪೀಕರಿನಲ್ಲಿಯೂ ಕೇಳಬೇಕಾದುದು ಒಂದು ವಿನೋದವೇ ಸರಿ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದಾಗ ಅರ್ಧ ಮೊರೆತ ಅಡಗಿತು. ಕೆಲವರು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿದು ಇದನ್ನು ನಿಲ್ಲಿಸುವುದುಂಟು. ಅದು ಮೊರೆತದೊಡನೆ ಪ್ರಾಣವನ್ನೂ ನಿಲ್ಲಿಸಬಲ್ಲ ಉಪಾಯವಾದುದರಿಂದ ಯಾರೂ ಮಾಡಬಾರದು.

ಉಳಿದರ್ಧವನ್ನು ಅಡಗಿಸಿದುದು ಬೆಳಕು. ಕಂಪ್ಯೂಟರಿನ ಬೆನ್ನಿನಲ್ಲಿ ಚೌಕನೆಯ ಇನ್ನೊಂದು ಕಿಂಡಿಯಿದ್ದು, ಅದರ ಮುಚ್ಚಳವನ್ನು ತೆರೆದರೆ ಒಳಗೆ ಕೆಂಪು ಬೆಳಕು ಕಾಣುತ್ತದೆ. ಆಪ್ಟಿಕಲ್ ಕೇಬಲಿನಲ್ಲಿ ಶಬ್ದವು ಅಂಕಿಗಳಾಗಿ, ಅಂಕಿಗಳು ಬೆಳಕಿನ ಮಿನುಗುಗಳಾಗಿ ಹೋಗುತ್ತವೆ. ಲೋಹದ ನಂಟೇ ಇಲ್ಲದುದರಿಂದ ಮೊರೆತಕ್ಕೆ ದಾರಿಯಿಲ್ಲ. ಶಬ್ದಕ್ಕೆ ಬಣ್ಣವನ್ನು ಕಂಡ ಕೇಶಿರಾಜನು ಇಂದು ಇದ್ದಿದ್ದರೆ ಬಿಳಿಯ ಬದಲು ಕೆಂಪೆನ್ನುತ್ತಿದ್ದನೋ ಏನೋ! ಈ ಕೇಬಲಿಗೂ ಒಂದು ಮಿತಿಯುಂಟು. ಬಿಚ್ಚಿದ ದನಿಗಳಾದರೆ ಅದು ಎರಡನ್ನೇ ಹೊರಬಲ್ಲುದು. ಆರು ಬೇಕಾದರೆ ಚಿತ್ರದಲ್ಲಿ ಕಟ್ಟಿಟ್ಟ ಗಂಟನ್ನು ಕಂಪ್ಯೂಟರು ಬಿಚ್ಚದೆ ಹಾಗೆಯೇ ಸಾಗಿಸಿ, ಆಂಪ್ಲಿಫೈಯರು ಬಿಚ್ಚಿಕೊಳ್ಳುವಂತೆ ಆಜ್ಞಾಪಿಸಬೇಕು. ಎಚ್‌ಡಿಎಂಐ ಎಂಬ ಕೇಬಲಾದರೆ ಎಂಟು ದನಿಗಳನ್ನು ಬಿಚ್ಚಿದಂತೆಯೇ ಹೊರುತ್ತದೆ. ಹೊಸದಾಗಿ ಕೊಳ್ಳುವವರು ಅದಿರುವ ಸೆಟ್ಟನ್ನೇ ಕೊಳ್ಳುವುದು ಲೇಸು. ನಮ್ಮದಕ್ಕೆ ಆ ಬಾಯಿಯಿಲ್ಲ.

ಇಷ್ಟೆಲ್ಲ ಪರಿಶ್ರಮ ಚಲನಚಿತ್ರಕ್ಕಾಗಿಯಾಗಿದ್ದರೆ ನಾನು ಬರೆಯಲು ಕೂಡುತ್ತಿರಲಿಲ್ಲ. ನನ್ನ ಸೋದರಮಾವ ದೊಡ್ಡಾಟದ ಭಾಗವತರಾಗಿದ್ದರು. ಕಾಲವಾಗಿ ಬಹಳ ವರ್ಷಗಳಾದುವು. ಅವರು ಹಾಡಿದ ಆಟಗಳನ್ನು ಅಭಿಮಾನಿಗಳು ಯಾರೋ ರಂಗದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದರು. ಅಂಥ ಹದಿನಾಲ್ಕು ಕ್ಯಾಸೆಟ್ಟುಗಳು ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗಿದ್ದುವು. ಸೆಟ್ಟು ಬರುವ ಮೊದಲೇ ನಾನು ಅವುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸತೊಡಗಿದ್ದೆ: ಟೇಪ್ ರೆಕಾರ್ಡರಿನಿಂದ ತಂತಿಯೆಳೆದು ನೀಲಿ ರಂಧ್ರಕ್ಕೆ. (ನಾಲ್ಕನೆಯ ಬಣ್ಣ! ಇದು ದನಿ ಒಳಗೆ ಬರುವ ದಾರಿ.) ಐದು ಸ್ಪೀಕರುಗಳ ನಡುವೆ ಅಣ್ಣನ ಆಟವನ್ನು ಕೇಳಬೇಕೆಂದು ಅವ್ವ ಎಷ್ಟೋ ದಿನದಿಂದ ಕಾದಿದ್ದಳು.

ಆಂಪ್ಲಿಫೈಯರು ಅಂಗಡಿಯವರ ಗುಂಡಿಯಲ್ಲಿಯೇ ಇದ್ದಿತು. ಎಲ್ಲ ಸ್ಪೀಕರುಗಳಲ್ಲಿಯೂ ಎಲ್ಲ. ಮಾವನ ದನಿ ಐದು ಕಡೆಗಳಿಂದ ಮೊಳಗಿತು. ಮಗಳು ಚಪ್ಪಾಳೆ ತಟ್ಟಿದಳು. ಅವ್ವ ತಲೆಯನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಮತ್ತೆ ಅತ್ತ ತಿರುಗಿಸಿದಳು. ಬಲಗಡೆಯ ಹಿಂದಿನ ಸ್ಪೀಕರು ಆಕೆಯ ಒಳ್ಳೆಯ ಕಿವಿಗೆ ಹತ್ತಿರವಿದ್ದಿತು. ‘ಅಣ್ಣ ನನ್ನ ಬೆನ್ನ ಹಿಂದ ನಿಂತು ಹಾಡಿದಂಗ ಆಕ್ಕೈತಿ. ಅಂವ ಹಂಗ ಹಾಡಾಂವಲ್ಲ. ತೆಗಿ ಅದನ್ನ’ ಎಂದಳು.

ದೊಡ್ಡಾಟವನ್ನು ಕಂಡವರಿಗೆ ಈ ಮಾತು ತಿಳಿಯುತ್ತದೆ. ಕಿರೀಟ ಭುಜಕೀರ್ತಿಗಳ ಪಾತ್ರಧಾರಿಗಳು ರಂಗದ ತುಂಬ ಕುಣಿದಾಡಿದರೂ ಅವರ ಹಿಂದೆ ಮೇಳದೊಡನೆ ಭಾಗವತನು ನಿಂತಿರುತ್ತಾನೆ, ಮದ್ದಳೆ ಹಾರ್ಮೋನಿಯಮುಗಳು ಅವನ ಮಗ್ಗುಲಿನಲ್ಲಿ. ಕುಣಿತವೆಲ್ಲ ಆ ಒಂದು ನೆಲೆಯ ದನಿಗೆ ಕಟ್ಟಿದ್ದು. ಆ ನೆಲೆಯನ್ನು ಕಿತ್ತು ಪ್ರೇಕ್ಷಕಳ ಬೆನ್ನಿಗೆ ಹಚ್ಚಿದರೆ ಹಾಡು ಉಳಿದರೂ ಆಟ ಉಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಆ ಟೇಪ್ ರೆಕಾರ್ಡರಿಗೆ ಇದ್ದುದು ಒಂದೇ ಮೈಕು, ಅವ್ವನಿಗೆ ಒಂದೇ ಕಿವಿ ಇದ್ದಂತೆ. ಎಡ ಯಾವುದು, ಹಿಂದು ಯಾವುದು ಎಂಬುದನ್ನು ಅದು ಕೇಳಲೇ ಇಲ್ಲ. ಕೇಳದುದನ್ನು ಐದು ಸ್ಪೀಕರುಗಳಿಗೆ ಎಲ್ಲಿಂದ ತರಬೇಕು? ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಮೂರು ಮೂರು ನಿಮಿಷಗಳ ಹಳೆಯ ತಟ್ಟೆಗಳನ್ನು ‘ಸರೌಂಡಿಗೆ’ ಏರಿಸಿ ಹಂಚುವವರನ್ನು ಕಂಡಾಗ ನನಗೆ ತಾಳೆಗರಿಯಲ್ಲಿ ಹುಳು ತಿಂದ ಪದ್ಯಕ್ಕೆ ಸ್ವಂತ ಪದಗಳನ್ನು ತುಂಬಿ, ಗುರುತು ಹಾಕದೆ ಅಚ್ಚಿಗೆ ಕೊಡುವ ಸಂಪಾದಕನ ನೆನಪಾಗುತ್ತದೆ. ಲೋಪವಿದ್ದಲ್ಲಿ ಚುಕ್ಕಿಗಳನ್ನು ಹಾಕುವುದು ನಮ್ಮ ಶಾಸ್ತ್ರದ ಮರ್ಯಾದೆ.

ಹಾಗೆಂದು ಯಂತ್ರವನ್ನು ಬಯ್ಯುವುದು ನ್ಯಾಯವಲ್ಲ. ಅದರಲ್ಲಿಯೇ ‘ಪ್ರೊ ಲಾಜಿಕ್’ ಎಂಬ ಇನ್ನೊಂದು ಗುಂಡಿಯುಂಟು. ಡಾಲ್ಬಿಯವರು 1987ರಲ್ಲಿ ತಂದುದು. ಎಡಕ್ಕೂ ಬಲಕ್ಕೂ ಒಂದೇ ದನಿ ಬಂದರೆ, ಇದು ನಡುವಿನದು ಎಂದು ತಿಳಿದು ಅದನ್ನು ನಡುವಿನ ಸ್ಪೀಕರಿಗೇ ಒಪ್ಪಿಸುವುದು ಅದರ ಗುಣ. ಹುಡುಗನು ಅದನ್ನೊತ್ತಿದೊಡನೆ ಮಾವ ನಾಲ್ಕು ಮೂಲೆಗಳನ್ನೂ ಬಿಟ್ಟು ಮುಂದೆ ಹೋಗಿ ನಿಂತರು. ಆದರೆ ಬೆನ್ನ ಹಿಂದೆ ಸಣ್ಣಗೆ ಮಳೆ ಹನಿಯುವ ಸದ್ದು ಉಳಿಯಿತು. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಎರಡು ಪಟ್ಟಿಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಒಂದೇ ಆಗಿಲ್ಲದುದನ್ನು ಆ ಜಾಣಯಂತ್ರವು ಹಿಂದಿನ ಸ್ಪೀಕರುಗಳಿಗೂ ಕಳಿಸುತ್ತದೆ. ಕಂಪ್ಯೂಟರಿನಲ್ಲಿ ಆ ಎರಡು ಪಟ್ಟಿಗಳಲ್ಲಿ ಚೆನ್ನಾಗಿದ್ದ ಒಂದನ್ನೇ ಉಳಿಸಿಕೊಂಡು ಮತ್ತೆ ಹಾಕಿದೆವು. ಮಳೆಯೂ ನಿಂತಿತು.

ಅವ್ವ ತಲೆಯನ್ನು ನಿಧಾನವಾಗಿ ತಿರುಗಿಸಿದಳು. ಒಂದು ಕಡೆ ನಿಲ್ಲಿಸಿದಳು. ಆಮೇಲೆ ಎದ್ದು, ತನ್ನ ಕುರ್ಚಿಯನ್ನು ತಾನೇ ಎಳೆದು, ಆ ಸ್ಪೀಕರಿಗೆ ಬಲಗಿವಿಯಾಗುವಂತೆ ಅಡ್ಡಲಾಗಿ ಹಾಕಿಕೊಂಡು ಕುಳಿತಳು. ‘ಈಗ ಅಟ್ಟದ ಮ್ಯಾಲ ಹೋದ’ ಎಂದಳು. ಮುಂದಿನ ಒಂದು ಗಂಟೆ ಯಾರೂ ಮಾತನಾಡಲಿಲ್ಲ. ಪಕ್ಕವಾದ್ಯದವರ ಹೆಸರುಗಳನ್ನು ಆಕೆ ನಡುನಡುವೆ ಹೇಳುತ್ತಿದ್ದಳು. ಮಗಳು ಅವನ್ನು ಬರೆದುಕೊಂಡಳು. ಕ್ಯಾಸೆಟ್ಟಿನ ಮೇಲಾಗಲಿ ಡಬ್ಬಿಯ ಮೇಲಾಗಲಿ ಅವು ಇರಲಿಲ್ಲ.

ಸ್ಪೀಕರುಗಳನ್ನು ಇಡುವ ಕ್ರಮವನ್ನು ಕುರಿತು ಒಂದೆರಡು ಮಾತು, ಏಕೆಂದರೆ ಕೇಳುವವರುಂಟು. ಕೂಡುವ ಸ್ಥಳದಿಂದ ನೋಡಿದರೆ ಮುಂದಿನ ಎರಡು ನಡುಗೆರೆಯಿಂದ ಸುಮಾರು 30 ಅಂಶಗಳ ಕೋನದಲ್ಲಿ, ಹಿಂದಿನ ಎರಡು ಸುಮಾರು 110 ಅಂಶಗಳಲ್ಲಿ, ಎಂದರೆ ಕಿವಿಗಿಂತ ತುಸು ಹಿಂದೆ, ಇರಬೇಕು, ತೀರ ಬೆನ್ನಿಗಲ್ಲ. ಎಲ್ಲವೂ ಒಂದೇ ದೂರದಲ್ಲಿದ್ದರೆ ಉತ್ತಮ. ಸಾಧ್ಯವಾಗದಿದ್ದರೆ ಆಂಪ್ಲಿಫೈಯರಿಗೆ ಆ ದೂರಗಳನ್ನು ಅಳೆದು ಹೇಳಿದರೆ ಅದು ಹತ್ತಿರದ ಸ್ಪೀಕರನ್ನು ತುಸು ತಡೆದು ಹಿಡಿಯುತ್ತದೆ. ಮೊದಲು ತಲಪಿದ ದನಿಯ ಕಡೆಗೇ ಕಿವಿ ವಾಲುವುದೆಂಬುದನ್ನು ಹೆಲ್ಮುಟ್ ಹಾಸ್ 1951ರಲ್ಲಿಯೇ ತೋರಿಸಿದ್ದಾನೆ. ಸಬ್‌ವೂಫರನ್ನು ಎಲ್ಲಿಟ್ಟರೂ ನಡೆಯುತ್ತದೆ, ಅಷ್ಟು ತಗ್ಗಿನ ದನಿಗೆ ಕಿವಿ ದಿಕ್ಕನ್ನು ಕಾಣದು. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು. ನಮ್ಮ ಕಡೆಯ 40 ಡಿಗ್ರಿಯ ಬೇಸಗೆಯಲ್ಲಿ ಅದು 355ಕ್ಕೆ ಏರುತ್ತದೆ; ನಾವೆಲ್ಲ ನಿಧಾನವಾಗುವ ಕಾಲದಲ್ಲಿ ವೇಗ ಹೆಚ್ಚುವುದು ಅದೊಂದಕ್ಕೇ.

ಮಗಳು ಕಂಪ್ಯೂಟರಿನ ಮೇಜಿಗೆ ಒಂದು ಚೀಟಿಯನ್ನು ಅಂಟಿಸಿದ್ದಾಳೆ: ‘ಸಿನಿಮಾ: ಆರು. ಸಂಗೀತ: ಎರಡು. ಅಜ್ಜ: ಒಂದು.’ ಮೈಕ್ ಸೆಟ್ಟಿನ ಹುಡುಗನು ಈಗ ಎರಡು ಮೈಕುಗಳುಳ್ಳ ಅಂಗೈಯಗಲದ ಧ್ವನಿಮುದ್ರಕವೊಂದನ್ನು ಕೊಂಡಿದ್ದು, ಊರಲ್ಲಿ ಆಟವಾದರೆ ರಂಗದ ಮುಂದೆ ನೆಲಕ್ಕೆ ಕೋಲು ನೆಟ್ಟು ಅದನ್ನು ಕಟ್ಟುತ್ತಾನೆ. ಅವನ ಮುದ್ರಣಗಳಲ್ಲಿ ಮದ್ದಳೆ ಎಡಕ್ಕಿದ್ದರೆ ಎಡಕ್ಕೇ ಕೇಳುತ್ತದೆ. ಮಾವನ ಹದಿನಾಲ್ಕು ಕ್ಯಾಸೆಟ್ಟುಗಳಲ್ಲಿ ಒಂಬತ್ತನ್ನು ಇಳಿಸಿದ್ದಾಯಿತು. ಮೂರರ ಪಟ್ಟಿಗೆ ಬೂಷ್ಟು ಹಿಡಿದಿದೆ. ಒಂದರ ಮೇಲೆ ಯಾರೋ ಚಿತ್ರಗೀತೆಗಳನ್ನು ತುಂಬಿಸಿದ್ದಾರೆ. ಉಳಿದ ಒಂದನ್ನು ಅವ್ವ ಇನ್ನೂ ಕೊಟ್ಟಿಲ್ಲ.